ಓದಿ ನೋಡಿ ಒತ್ತಿ

ಕಂಪ್ಯೂಟರ್ ಕಲಿಯಬೇಕೆಂದರೆ ನಮ್ಮ ಊರಿನವರು ಬಹಳ ವರ್ಷ ತಿಪಟೂರಿಗೇ ಹೋಗಬೇಕಾಗಿತ್ತು. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಫೀಸು ಕಟ್ಟಿ, ಬಸ್ಸಿನಲ್ಲಿ ಓಡಾಡಿ, ಯಾವುದೋ ಮಹಡಿಯ ಮೇಲಿನ ಇನ್‌ಸ್ಟಿಟ್ಯೂಟಿನಿಂದ ಒಂದು ಸರ್ಟಿಫಿಕೇಟು ತರುತ್ತಿದ್ದರು. ಮನೆಯಲ್ಲಿದ್ದ ಅಮ್ಮಂದಿರಿಗೆ, ತೋಟದಲ್ಲಿದ್ದ ಅಪ್ಪಂದಿರಿಗೆ ಆ ಮೆಟ್ಟಿಲು ಹತ್ತುವ ಯೋಚನೆಯೇ ಬರುತ್ತಿರಲಿಲ್ಲ. ಈಗ ಆ ಪಾಠ ನಮ್ಮೂರ ಪಂಚಾಯ್ತಿ ಲೈಬ್ರರಿಯಲ್ಲೇ ಭಾನುವಾರ ಬೆಳಗ್ಗೆ ನಡೆಯುತ್ತದೆ. ಯಾರೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಕಲಿಸುವವಳು ಲೈಬ್ರರಿಯ ಮೇಲ್ವಿಚಾರಕಿ, ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವಳು. ನಿವೃತ್ತಿಯಾದ ಮೇಲೆ ನಾನೂ ಅಲ್ಲಿಗೆ ಹೋಗಿ ಕೂರುತ್ತೇನೆ. ಅವಳು ಒಬ್ಬರ ಪಕ್ಕದಲ್ಲಿ ಕೂತಿರುವಾಗ ಇನ್ನೊಬ್ಬರ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಹೀಗೆ ಒಬ್ಬರ ಪಕ್ಕದಲ್ಲಿ ಒಬ್ಬರು ಸಮಾಧಾನವಾಗಿ ಕೂರುವುದೇ ಈ ಪಾಠದ ಜೀವಾಳ ಎಂಬುದು ನನಗೆ ಹೋಗುತ್ತಾ ಹೋಗುತ್ತಾ ಖಚಿತವಾಗಿದೆ.

ಕೋಣೆ ದೊಡ್ಡದೇನಲ್ಲ. ಎರಡು ಗೋಡೆಗೆ ಕಬ್ಬಿಣದ ರ‍್ಯಾಕುಗಳು, ಮಧ್ಯೆ ಪೇಪರ್ ಓದುವ ಉದ್ದನೆಯ ಮೇಜು, ಕಿಟಕಿಯ ಕಡೆ ಎರಡು ಕಂಪ್ಯೂಟರ್, ಕೆಳಗೆ ಒಂದು ಯುಪಿಎಸ್. ಮಕ್ಕಳು ಬಿಡಿಸಿದ ಚಿತ್ರಗಳು ಬಾಗಿಲ ಮೇಲಿನವರೆಗೂ ಅಂಟಿವೆ. 2019ರಲ್ಲಿ ಗ್ರಾಮ ಪಂಚಾಯ್ತಿಗಳ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ, ಕೋವಿಡ್ಡಿನಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳು ಲೈಬ್ರರಿಗೆ ಬಂದರು. ಆಮೇಲೆ ಕಂಪ್ಯೂಟರ್ ಬಂತು, ಇಂಟರ್ನೆಟ್ ಬಂತು, ಬಾಗಿಲ ಮೇಲೆ 'ಅರಿವು ಕೇಂದ್ರ' ಎಂಬ ಬೋರ್ಡು ಬಂತು. ರಾಜ್ಯದಲ್ಲಿ ಇಂಥ ಲೈಬ್ರರಿಗಳು ಐದು ಸಾವಿರಕ್ಕೂ ಮಿಕ್ಕಿವೆ. ಯಂತ್ರ ಇದ್ದ ಮಾತ್ರಕ್ಕೆ ಪಾಠ ನಡೆಯುವುದಿಲ್ಲ. ದೊಡ್ಡವರನ್ನು ಕರೆದು ಕೂರಿಸಿ ಕಲಿಸಬೇಕೆಂಬ ಮನಸ್ಸು ಅಲ್ಲಿರುವ ಒಬ್ಬರಿಗಾದರೂ ಬರಬೇಕು. ನಮ್ಮೂರಿನಲ್ಲಿ ಆ ಮನಸ್ಸು ನನ್ನ ಈ ಹಳೆಯ ವಿದ್ಯಾರ್ಥಿನಿಗೆ ಬಂತು.

ಮೊದಲು ಎದುರಾಗುವ ಕಷ್ಟ ಮೌಸಿನದು. ಪಾಠಕ್ಕೆ ಬರುವವರಲ್ಲಿ ಶಾಲೆಯ ಬಿಸಿಯೂಟ ಮಾಡುವ ಅಕ್ಕ ಒಬ್ಬರಿದ್ದಾರೆ. ದಿನವೂ ಇಡೀ ಶಾಲೆಗೆ ಅನ್ನ ಬೇಯಿಸುವ, ತೆಂಗಿನಕಾಯಿಯನ್ನು ಒಂದೇ ಏಟಿಗೆ ಎರಡು ಹೋಳು ಮಾಡುವ ಕೈ ಅವರದು. ಆ ಕೈ ಮೌಸನ್ನು ಬಿಗಿಯಾಗಿ ಹಿಡಿದು ಮೇಜಿನಿಂದ ಮೇಲಕ್ಕೆ ಎತ್ತಿಬಿಡುತ್ತಿತ್ತು. ಎತ್ತಿದ ಕೂಡಲೇ ಪರದೆಯ ಮೇಲಿನ ಬಾಣ ಇದ್ದಲ್ಲೇ ನಿಲ್ಲುತ್ತಿತ್ತು. "ಇದ್ಯಾಕವ್ವ ನಿಂತ್ಕಂತು?" ಎಂದು ಅವರು ಗಾಬರಿಯಾಗುತ್ತಿದ್ದರು. ಮೇಲ್ವಿಚಾರಕಿ ಪೇಂಟ್ ತೆರೆದು, "ಅಕ್ಕಾ, ಚುಕ್ಕಿ ಇಡ್ರಿ. ಐದು ಚುಕ್ಕಿ, ಐದು ಸಾಲು" ಎಂದಳು. ಒಂದು ಸಲ ಒತ್ತಿದರೆ ಒಂದು ಚುಕ್ಕಿ. ಎರಡನೇ ಸಾಲು ಸೊಟ್ಟಗಾಯಿತು. ಅಂಗಳದಲ್ಲಿ ಅಂಥ ಸಾಲನ್ನು ಅವರು ಎಂದೂ ಬಿಟ್ಟವರಲ್ಲ. ಅಳಿಸುವುದು ಹೇಗೆಂದು ಕೇಳಿ, ಅಳಿಸಿ, ಮತ್ತೆ ಇಟ್ಟರು. ಆಮೇಲೆ ಬೆರಳನ್ನು ಒತ್ತಿ ಹಿಡಿದೇ ಚುಕ್ಕಿಯಿಂದ ಚುಕ್ಕಿಗೆ ಎಳೆ ಎಳೆಯುವುದು. ಕ್ಲಿಕ್ಕು, ಡ್ರ್ಯಾಗು ಎಂಬ ಮಾತು ಎತ್ತುವ ಮೊದಲೇ ಎರಡೂ ಕೈಗೆ ಹತ್ತಿದ್ದವು. ರಂಗೋಲಿ ಮುಗಿಯುವ ಹೊತ್ತಿಗೆ ಅಕ್ಕನ ಮಣಿಕಟ್ಟು ಸಡಿಲಾಗಿತ್ತು, ಮೌಸು ಮೇಜಿನ ಮೇಲೇ ಓಡಾಡುತ್ತಿತ್ತು. ಟ್ರೈನಿಂಗಿನ ಯಾವ ಪುಸ್ತಕದಲ್ಲೂ ನಾನು ಈ ಪಾಠ ಕಂಡಿಲ್ಲ. ಎದುರಿಗಿರುವ ಹೆಂಗಸಿನ ಕೈಗೆ ಮೊದಲೇ ಏನು ಗೊತ್ತಿದೆ ಎಂದು ಯೋಚಿಸಿದವಳಿಗೆ ಮಾತ್ರ ಹೊಳೆಯುವಂಥದ್ದು ಅದು.

ಆಮೇಲಿನದು ಕೀಲಿಮಣೆ. ಇಲ್ಲಿ ಬೇರೆಯೇ ತೊಡಕು. ನಮ್ಮಲ್ಲಿಗೆ ಬರುವ ಹೆಂಗಸರಲ್ಲಿ ಹಲವರು ಏಳನೇ ಕ್ಲಾಸಿನವರೆಗೆ ಓದಿದವರು. ಕನ್ನಡ ಸರಾಗವಾಗಿ ಓದುತ್ತಾರೆ, ವಾರಪತ್ರಿಕೆಯ ಧಾರಾವಾಹಿ ಬಿಡುವುದಿಲ್ಲ. ಆದರೆ ಇಂಗ್ಲಿಷ್ ಅಕ್ಷರಗಳ ಗುರುತು ಮಾಸಿಹೋಗಿದೆ. ಕೀಲಿಗಳ ಮೇಲೆ ಇರುವುದೆಲ್ಲ ಇಂಗ್ಲಿಷೇ. ನಮ್ಮ ಮೇಲ್ವಿಚಾರಕಿ ಹುಡುಗಿ ಬಿಳಿ ಹಾಳೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಕನ್ನಡ ಅಕ್ಷರ ಬರೆದು, ಸೆಲ್ಲೋಟೇಪಿನಲ್ಲಿ ಒಂದೊಂದೇ ಕೀಲಿಗೆ ಅಂಟಿಸಿದಳು. ಕನ್ನಡ ಟೈಪ್ ಮಾಡಲು ನಾವು ಬಳಸುವ 'ನುಡಿ'ಯಲ್ಲಿರುವುದು ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ. ಕನ್ನಡ ಗಣಕ ಪರಿಷತ್ತು ಆ ತಂತ್ರಾಂಶವನ್ನು ನಾಡಿಗೆಲ್ಲ ಮುಟ್ಟಿಸಿತು. ಆ ವಿನ್ಯಾಸದ ಜಾಣತನ ತಿಳಿಯಬೇಕಾದರೆ ಮೊದಲ ಬಾರಿಗೆ ಟೈಪ್ ಮಾಡುವವರ ಪಕ್ಕದಲ್ಲಿ ಕೂರಬೇಕು. ಬಹುಪಾಲು ಅಕ್ಷರಗಳು ಅವುಗಳ ಸದ್ದಿನ ಕೀಲಿಯಲ್ಲೇ ಇವೆ. ಕ ಬೇಕಾದರೆ ಕೆ, ಬ ಬೇಕಾದರೆ ಬಿ. ಟ ಮಾತ್ರ ಕ್ಯೂನಲ್ಲಿ, ಡ ಡಬ್ಲ್ಯುನಲ್ಲಿ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು.

ಅಕ್ಕ ಬರೆದ ಮೊದಲ ಮಾತು 'ಕೊಬ್ಬರಿ'. ನಮ್ಮ ಸೀಮೆಯಲ್ಲಿ ಬೇರೆ ಏನನ್ನು ತಾನೇ ಬರೆದಾರು? ಕೆ ಒತ್ತಿದರು, ಕ ಬಂತು. ಓ ಒತ್ತಿದರು, ಅದೇ ಕ 'ಕೊ' ಆಯಿತು. ಬಿ ಒತ್ತಿದರು. ಎಫ್ ಒತ್ತಿದರು, ಬ ಹೋಗಿ 'ಬ್' ನಿಂತಿತು. ಅಲ್ಲಿ ಅವರ ಕೈ ತಡೆಯಿತು. ಏನೋ ಕೆಟ್ಟಿತೆಂದು ನನ್ನ ಮುಖ ನೋಡಿದರು. "ಇನ್ನೊಂದು ಸಲ ಬ ಒತ್ತಿ" ಎಂದೆ. ಒತ್ತಿದ ಕೂಡಲೇ ಆ ಬ ಕೆಳಗಿಳಿದು 'ಬ್ಬ' ಆಯಿತು. ಮಕ್ಕಳಿಗೆ ಒತ್ತಕ್ಷರ ಕಲಿಸುತ್ತಾ ನನ್ನ ಹರೆಯ ಕಳೆದಿದೆ; ಒಂದು ವ್ಯಂಜನದ ಸ್ವರ ಬಿಟ್ಟುಹೋಗಿ ಇನ್ನೊಂದು ವ್ಯಂಜನ ಅದಕ್ಕೆ ಬಂದು ಸೇರುವುದನ್ನು ಕಪ್ಪು ಹಲಗೆಯ ಮೇಲೆ ಸಾವಿರ ಸಲ ಬರೆದು ತೋರಿಸಿದ್ದೇನೆ. ಅದು ಹೀಗೆ ಹಂತಹಂತವಾಗಿ ಕಣ್ಣೆದುರು ನಡೆಯುವುದನ್ನು ನೋಡಿ ನನಗೇ ಮೈ ಜುಮ್ಮೆಂದಿತು. ಬರೆದ ಮಾತನ್ನು ಹುಡುಕುವ ಪಟ್ಟಿಗೆ ಹಾಕಿದರು. ಕೃಷಿ ಮಾರಾಟ ವಾಹಿನಿಯ ಪುಟ ತೆರೆಯಿತು. ತಿಪಟೂರು ಮಾರುಕಟ್ಟೆಯ ಕನಿಷ್ಠ ದರ, ಗರಿಷ್ಠ ದರ ಒಂದೇ ಸಾಲಿನಲ್ಲಿದ್ದವು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿ, ಸುಲಿದು, ಒಡೆದು, ಚೀಲ ಕಟ್ಟಿದ ಉಂಡೆ ಕೊಬ್ಬರಿಯ ಬೆಲೆಯನ್ನು ಆ ಮನೆಯ ಹೆಂಗಸು ಅಲ್ಲಿಯವರೆಗೆ ಬಲ್ಲವರಾಗಿದ್ದುದು ಗಂಡ ಮಾರುಕಟ್ಟೆಯಿಂದ ಬಂದು ಹೇಳಿದಷ್ಟೇ.

ನಾನು ಬಹಳ ನೆನೆಯುವುದು ಪಹಣಿಯ ಪ್ರಸಂಗವನ್ನು. 'ಭೂಮಿ' ಯೋಜನೆ ಬಂದು, ಕೈಬರಹದ ಪಹಣಿ ಹೋಗಿ, ಕಂಪ್ಯೂಟರಿನ ಪಹಣಿ ಬಂದು ಎರಡು ದಶಕಕ್ಕೂ ಹೆಚ್ಚಾಯಿತು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಮ್ಮ ಜಮೀನಿನ ವಿವರ ನೋಡಬಹುದು. ಆದರೂ ನಮ್ಮ ಕಡೆಯ ರೈತರು ಪಹಣಿ ತೆಗೆಸುವುದು ಸಾಲಕ್ಕೆ, ಸಬ್ಸಿಡಿಗೆ, ಪರಿಹಾರಕ್ಕೆ ಯಾರಾದರೂ ಕೇಳಿದಾಗ ಮಾತ್ರ. ತೆಗೆಸಿದ್ದನ್ನು ಮಡಿಸಿ ಜೇಬಿಗೆ ಇಟ್ಟು ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಓದುವವರು ಕಡಿಮೆ.

ನಮ್ಮ ಪಾಠಕ್ಕೆ ಬರುವ ಹಿರಿಯ ರೈತರೊಬ್ಬರು, ಎಪ್ಪತ್ತು ದಾಟಿದವರು, ಒಂದು ಭಾನುವಾರ ಪಹಣಿ ನೋಡುವ ಪುಟ ತೆಗೆದುಕೊಂಡು ಕೂತರು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರು. ಸರ್ವೆ ನಂಬರನ್ನು ಬಾಯಿಪಾಠದಿಂದ ಒತ್ತಿದರು. ಅದಾದ ಮೇಲೆ 'ಸರ್ನಾಕ್' ಎಂಬ ಒಂದು ಮನೆ ಇದೆ. ಅದರೊಳಗೆ ಬಹಳ ಸಲ ಒಂದು ನಕ್ಷತ್ರದ ಗುರುತು ಬಿಟ್ಟು ಬೇರೇನೂ ಇರುವುದಿಲ್ಲ. ಓದು ಬಲ್ಲವರೂ ಅಲ್ಲಿಗೆ ಬಂದು ಕೈಬಿಡುವುದನ್ನು ನೋಡಿದ್ದೇನೆ: ನಕ್ಷತ್ರ ಇದ್ದರೆ ಅದನ್ನೇ ಆರಿಸಬೇಕು ಎಂದು ಪುಟ ಎಲ್ಲೂ ಹೇಳುವುದಿಲ್ಲ. ಪಕ್ಕದಲ್ಲಿ ಒಬ್ಬರಿದ್ದು ಹೇಳಬೇಕು. ಹೇಳಿದೆವು. ಹಿಸ್ಸಾ ನಂಬರು ಬಂತು, ಪಹಣಿ ತೆರೆಯಿತು.

ಅವರು ಅದನ್ನು ಓದತೊಡಗಿದರು. ಬೆರಳನ್ನು ಪರದೆಗೆ ತಾಗಿಸಿ, ಸದ್ದು ಮಾಡಿಕೊಂಡು, ಸಾಲುಸಾಲಾಗಿ ಓದಿದರು. ಒಂಬತ್ತನೇ ಕಾಲಮ್ಮಿನಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಎಕರೆ, ಗುಂಟೆ. ಸರಿಯಾಗಿದೆ ಎಂದು ತಲೆದೂಗಿದರು. ಹನ್ನೊಂದನೇ ಕಾಲಮ್ಮಿಗೆ ಬಂದರು. ಹಕ್ಕು ಮತ್ತು ಋಣಗಳ ಕಾಲಮ್ಮು ಅದು. ಓದಿದರು, ಮತ್ತೆ ಓದಿದರು. "ಮೇಡಂ, ಇದು ಬ್ಯಾಂಕಿನ ಸಾಲ. ತೀರ್ಸಿ ಎಷ್ಟೋ ವರ್ಷ ಆತು. ಇಲ್ಲಿನ್ನೂ ಕೂತೈತಲ್ಲ!" ಎಂದರು. ತೀರಿದ ಸಾಲ ಪಹಣಿಯಲ್ಲಿ ಹಾಗೇ ಉಳಿದಿತ್ತು. ಈ ನಡುವೆ ಆ ಪಹಣಿ ಎಷ್ಟೋ ಸಲ ಅವರ ಜೇಬಿನಲ್ಲಿ ಓಡಾಡಿತ್ತು. ಬೇಕೆಂದು ಕೇಳಿದವರು ನೋಡಿ ಫೈಲಿಗೆ ಸೇರಿಸಿದ್ದರು, ತೆಗೆದುಕೊಟ್ಟವರು ದುಡ್ಡು ಎಣಿಸಿಕೊಂಡಿದ್ದರು. ಅದರಲ್ಲಿ ಏನಿದೆ ಎಂದು ಅದರ ಒಡೆಯರಿಗೆ ಓದಿ ಹೇಳುವ ಹೊತ್ತು ಯಾರಿಗೂ ಇರಲಿಲ್ಲ. ಅವರು ಬ್ಯಾಂಕಿಗೆ ಹೋಗಿ ಸಾಲ ತೀರಿದ ಪತ್ರ ಕೇಳಿದರು, ಅದನ್ನು ಹಿಡಿದು ತಾಲ್ಲೂಕು ಕಚೇರಿಗೆ ಅಲೆದರು. ಕೊನೆಗೆ ಆ ಸಾಲು ಪಹಣಿಯಿಂದ ಹೋಯಿತು. ಹೋದದ್ದನ್ನೂ ಅವರು ನಮ್ಮ ಲೈಬ್ರರಿಯಲ್ಲೇ ಕೂತು, ತಾವೇ ನಕ್ಷತ್ರ ಆರಿಸಿ, ಓದಿ ನೋಡಿದರು.

ಆ ದಿನದಿಂದ ನನ್ನ ಯೋಚನೆ ಸ್ಪಷ್ಟವಾಯಿತು. ಊರೂರಿಗೂ ಸೇವಾ ಕೇಂದ್ರಗಳು ಬಂದಿವೆ. ಪಂಚಾಯ್ತಿಯಲ್ಲಿ ಬಾಪೂಜಿ ಸೇವಾ ಕೇಂದ್ರವಿದೆ, ಗ್ರಾಮ ಒನ್ ಇದೆ, ಪೇಟೆಯಲ್ಲಿ ಸೈಬರ್ ಅಂಗಡಿಗಳಿವೆ. ಅವರೆಲ್ಲ ನಮ್ಮ ಕೆಲಸ ಮಾಡಿಕೊಡುತ್ತಾರೆ. 2023ರಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕುವಾಗ ಆ ಕೇಂದ್ರಗಳು ಇಲ್ಲದಿದ್ದರೆ ನಮ್ಮೂರ ಹೆಂಗಸರ ಪಾಡು ಏನಾಗುತ್ತಿತ್ತೋ. ಅವರ ಶ್ರಮವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅಲ್ಲಿ ಹಿಂದೆ ಸಾಲು ನಿಂತಿರುತ್ತದೆ. ಕೂತವನು ಅವಸರದಲ್ಲಿ "ಆಧಾರ್ ಕೊಡಿ, ಒಟಿಪಿ ಬಂತಾ, ಹೇಳಿ" ಎನ್ನುತ್ತಾನೆ. ಆ ಒಟಿಪಿ ಯಾವುದಕ್ಕೆ ಬಂದದ್ದು ಎಂದು ಕೇಳುವ ಅಭ್ಯಾಸವೇ ನಮ್ಮವರಿಗೆ ಇಲ್ಲದೆ ಹೋಯಿತು. ಫೋನನ್ನೇ ತೆಗೆದು ಕೈಗೆ ಕೊಟ್ಟುಬಿಡುತ್ತಾರೆ. ಪಾಸ್‌ವರ್ಡನ್ನು ಅಂಗಡಿಯ ಹುಡುಗನೇ ಇಟ್ಟು, ಅರ್ಜಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತಾನೆ. ಮಗಳ ಸ್ಕಾಲರ್‌ಷಿಪ್ಪು, ಅತ್ತೆಯ ಪಿಂಚಣಿ, ಜಮೀನಿನ ಫ್ರೂಟ್ಸ್ ಐಡಿ, ಎಲ್ಲಕ್ಕೂ ಒಂದೇ ಪಾಸ್‌ವರ್ಡು. ಅದು ಊರಿಗೆಲ್ಲ ಗೊತ್ತು.

ಈ ಅವಸರ ಲೈಬ್ರರಿಯಲ್ಲಿಲ್ಲ. ಅಲ್ಲಿ ಯಾರೂ ಯಾರಿಗೂ ಅರ್ಜಿ ತುಂಬಿಕೊಡುವುದಿಲ್ಲ. ಅದು ಹುಡುಗಿ ಹಾಕಿದ ನಿಯಮ. ಮೌಸು ಕಲಿಯುವವರ ಕೈಯಲ್ಲೇ ಇರಬೇಕು. ನಾವು ಬೆರಳು ತೋರಿಸಬಹುದು, ಬಾಯಲ್ಲಿ ಹೇಳಬಹುದು, ಮೌಸು ಕಸಿದುಕೊಳ್ಳುವಂತಿಲ್ಲ. ಮೊದಮೊದಲು ನನಗೆ ಇದು ಕಷ್ಟವಾಗುತ್ತಿತ್ತು, ಎದುರಿಗಿರುವವರು ತಡಕಾಡುವುದನ್ನು ನೋಡುತ್ತಾ ಕೈಕಟ್ಟಿ ಕೂರುವುದು ಸುಲಭವಲ್ಲ. ಆದರೆ ನಿಯಮ ಸರಿ. ಕಂಪ್ಯೂಟರಿನ ಮೇಲ್ಗಡೆ ಗೋಡೆಗೆ ಅವಳು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: ಓದಿ ನೋಡಿ ಒತ್ತಿ. ಏನೇ ಚೌಕ ಎದ್ದು ಬಂದರೂ ಅದರಲ್ಲಿರುವುದನ್ನು ಗಟ್ಟಿಯಾಗಿ ಓದಬೇಕು, ಓದಿದ್ದು ಏನೆಂದು ಹೇಳಬೇಕು, ಆಮೇಲೆ ಒತ್ತಬೇಕು. ಇಂಗ್ಲಿಷಿನಲ್ಲಿದ್ದರೆ ಯಾರಾದರೂ ಓದಿ ಹೇಳುವವರೆಗೆ ಕಾಯಬೇಕು. 'ಅಲೋ' ಎಂದಿದ್ದದ್ದಕ್ಕೆಲ್ಲ ಹೂಂ ಎಂದು ಒತ್ತುವ ಅಭ್ಯಾಸ ಬಿಡಿಸುವುದಕ್ಕೆ ಎಷ್ಟೋ ವಾರ ಹಿಡಿಯಿತು. ಟಾರ್ಚಿನ ಆ್ಯಪ್ ಒಂದು ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದ್ದನ್ನು ಓದಿ, "ಬೆಳಕು ಬಿಡೋಕೆ ಇದಕ್ಕೆ ನಮ್ಮ ನೆಂಟರ ನಂಬರ್ ಯಾಕೆ ಬೇಕು?" ಎಂದು ಕೇಳಿದ ಅಜ್ಜಿಯೊಬ್ಬರ ಪ್ರಶ್ನೆಯನ್ನು ನಾನು ಎಲ್ಲ ಕಡೆ ಹೇಳುತ್ತೇನೆ.

ಇದು ಲೈಬ್ರರಿಯ ಕೆಲಸವೇ ಎಂದು ಕೇಳುವವರಿದ್ದಾರೆ. ಪುಸ್ತಕ ಕೊಳ್ಳಬೇಕಾದ ದುಡ್ಡು ಯಂತ್ರಗಳಿಗೆ ಹೋಗುತ್ತಿದೆ ಎಂಬ ಬೇಸರ ನನ್ನ ಓರಗೆಯ ಕೆಲವು ಮೇಷ್ಟ್ರುಗಳಿಗಿದೆ. ಪುಸ್ತಕಕ್ಕೆ ದುಡ್ಡು ಸಾಲದು ಎಂಬುದು ನಿಜ, ಅದಕ್ಕಾಗಿ ನಾನೂ ದನಿ ಎತ್ತುತ್ತೇನೆ. ಆದರೆ ಓದುವುದನ್ನು ಕಲಿಸುವ ಜಾಗಕ್ಕೆ, ಜನ ದಿನವೂ ಓದಬೇಕಾಗಿ ಬಂದಿರುವುದನ್ನು ಓದಲು ಕಲಿಸುವುದು ಹೊರಗಿನ ಕೆಲಸ ಹೇಗಾದೀತು? ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ತಮಿಳುನಾಡಿನಲ್ಲಿ ಹುಟ್ಟಿದ ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು ಅವರ ಕೊನೆಯ ಸೂತ್ರ. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಹತ್ತಿರವಾದದ್ದು ಅವರು ಪರಾಮರ್ಶನ ಸೇವೆಗೆ ಕೊಟ್ಟ ದೊಡ್ಡ ಸ್ಥಾನ. ಪುಸ್ತಕಗಳನ್ನು ಜೋಡಿಸಿಟ್ಟರೆ ಕೆಲಸ ಮುಗಿಯದು. ಓದುಗನಿಗೆ ಬೇಕಾದದ್ದು ಅವನಿಗೆ ಸಿಗುವವರೆಗೆ ಗ್ರಂಥಪಾಲಕ ಖುದ್ದಾಗಿ ಅವನ ಜೊತೆಗಿರಬೇಕು ಎಂಬ ನಂಬಿಕೆ ಅವರದು. ನಮ್ಮ ಹುಡುಗಿ ರಂಗನಾಥನ್ ಅವರನ್ನು ಓದಿ ಈ ಕೆಲಸಕ್ಕೆ ಬಂದವಳಲ್ಲ. ಆದರೆ ಸರ್ನಾಕಿನ ನಕ್ಷತ್ರ ತೋರಿಸುತ್ತಾ ಆ ಹಿರಿಯರ ಪಕ್ಕದಲ್ಲಿ ಕೂತಾಗ ಅವಳು ಮಾಡಿದ್ದು ಅದನ್ನೇ.

ವಯಸ್ಸಿನ ಮಾತನ್ನು ಇಲ್ಲಿ ಹೇಳಲೇಬೇಕು. ಕೇಂದ್ರ ಸರ್ಕಾರ 2017ರಲ್ಲಿ ಹಳ್ಳಿಗಳಿಗಾಗಿ ಡಿಜಿಟಲ್ ಸಾಕ್ಷರತೆಯ ದೊಡ್ಡ ಅಭಿಯಾನ ಶುರುಮಾಡಿತು. ಮನೆಗೊಬ್ಬರಿಗೆ, 20 ಗಂಟೆಗಳ ತರಬೇತಿ. ಆರು ಕೋಟಿ ಮನೆಗಳನ್ನು ಮುಟ್ಟುವ ಗುರಿ. ಒಳ್ಳೆಯ ಕೆಲಸ. ಆದರೆ ಅದಕ್ಕೆ ಸೇರಬಹುದಾಗಿದ್ದವರು 14ರಿಂದ 60 ವರ್ಷದೊಳಗಿನವರು. ಪಿಂಚಣಿ ಬರುವುದು ಹೆಚ್ಚಾಗಿ ಅರವತ್ತು ದಾಟಿದವರಿಗೆ, ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಜೀವನ ಪ್ರಮಾಣ ಕೊಡಬೇಕಾದವರಲ್ಲೂ ಹೆಚ್ಚಿನವರು ಅವರೇ, ಮೋಸದ ಫೋನುಗಳು ಅವರನ್ನೂ ಹುಡುಕಿಕೊಂಡು ಬರುತ್ತವೆ. ಮನೆಗೊಬ್ಬರು ಎಂದಾಗ ನಮ್ಮ ಮನೆಗಳಲ್ಲಿ ಆ ಒಬ್ಬರು ಯಾರಾಗುತ್ತಾರೆ ಎಂಬುದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಆ ಅಭಿಯಾನ 2024ರ ಮಾರ್ಚಿಗೆ ಮುಗಿಯಿತು. ಲೈಬ್ರರಿ ಮುಗಿಯುವುದಿಲ್ಲ, ವಯಸ್ಸು ಕೇಳುವುದಿಲ್ಲ, 20 ಗಂಟೆಗೆ ಎದ್ದು ಹೋಗಿ ಎನ್ನುವುದೂ ಇಲ್ಲ. ಮರೆತರೆ ಮುಂದಿನ ವಾರ ಮತ್ತೆ ಮೊದಲಿನಿಂದ. ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಮನೆಯಲ್ಲಿ ಮೊಮ್ಮಕ್ಕಳು ಒಂದು ಸಲ ಹೇಳುತ್ತಾರೆ, ಎರಡನೇ ಸಲಕ್ಕೆ "ಆಗ್ಲೇ ಹೇಳಿದ್ನಲ್ಲಜ್ಜಿ" ಎನ್ನುತ್ತಾರೆ; ಮೂರನೇ ಸಲ ಕೇಳುವ ಧೈರ್ಯ ಅಜ್ಜಿಗೆ ಬರುವುದಿಲ್ಲ.

ಮೋಸದ ವಿಚಾರಕ್ಕೆ ಒಂದು ಭಾನುವಾರವನ್ನು ಪೂರ್ತಿ ಎತ್ತಿಡುತ್ತೇವೆ. ಹೇಳುವುದು ಬಹಳವಿಲ್ಲ. ನಮ್ಮ ಖಾತೆಗೆ ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಒತ್ತಿ ಎಂದರೆ ದುಡ್ಡು ಹೋಗುತ್ತದೆ ಎಂದೇ ಅರ್ಥ. ಪೊಲೀಸರು ವಿಡಿಯೋ ಕಾಲಿನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ. ದುಡ್ಡು ಹೋಯಿತೆಂದರೆ ನಾಚಿಕೊಂಡು ಕೂರದೆ, ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಊರಿನಲ್ಲಿ ದುಡ್ಡು ಕಳೆದುಕೊಂಡವರು ಮಕ್ಕಳು ಬೈಯುತ್ತಾರೆಂದು ಹೆದರಿ ಬಾಯಿ ಮುಚ್ಚಿಕೊಂಡದ್ದುಂಟು. ತಡವಾದಷ್ಟೂ ಆ ದುಡ್ಡು ಕೈಯಿಂದ ಕೈಗೆ ಹೋಗಿ ತಡೆಯುವುದು ಕಷ್ಟವಾಗುತ್ತದೆ. ಎಲ್ಲರ ಫೋನಿನಲ್ಲೂ 1930ನ್ನು ಕನ್ನಡದಲ್ಲಿ ಹೆಸರು ಬರೆದು ಸೇವ್ ಮಾಡಿಸಿದ್ದೇವೆ, ಬರೆದವರು ಅವರವರೇ.

ಹೈಸ್ಕೂಲು, ಕಾಲೇಜಿನ ಹುಡುಗಿಯರು ಸಂಜೆ ಬರುತ್ತಾರೆ. ಅವರಿಗೆ ಮೌಸಿನ ಪಾಠ ಬೇಡ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರಿನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಾದರೆ ಏನು ಮಾಡಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನೋಡುವುದು ಹೇಗೆ ಎಂಬಂಥವು ಅವರ ಪ್ರಶ್ನೆಗಳು. ಅವರಲ್ಲಿ ಇಬ್ಬರು ಈಗ ಭಾನುವಾರ ಬೆಳಗ್ಗೆಯೂ ಬಂದು ದೊಡ್ಡವರ ಪಕ್ಕ ಕೂರುತ್ತಾರೆ. ತಾಯಿಗೆ ಹೇಳಿಕೊಡುವಾಗ ಸಿಡುಕುವ ಹುಡುಗಿ, ಪಕ್ಕದ ಮನೆಯ ಅತ್ತೆಗೆ ಎಷ್ಟು ತಾಳ್ಮೆಯಿಂದ ಹೇಳಿಕೊಡುತ್ತಾಳೆ ಎಂಬುದನ್ನು ಅಲ್ಲಿಗೆ ಬಂದು ನೋಡಬೇಕು.

ಕೊರತೆಗಳು ಇವೆ, ಅವನ್ನು ಮುಚ್ಚಿಟ್ಟರೆ ಆ ಹುಡುಗಿಗೇ ಅನ್ಯಾಯ. ಇಡೀ ಲೈಬ್ರರಿಗೆ ಇರುವವಳು ಅವಳೊಬ್ಬಳೇ. ಪುಸ್ತಕ ಕೊಡುವುದು, ಪೇಪರ್ ಜೋಡಿಸುವುದು, ಮಕ್ಕಳ ಕಾರ್ಯಕ್ರಮ, ಫೋಟೋ ತೆಗೆದು ಮೇಲಕ್ಕೆ ಕಳಿಸುವುದು, ಕಸ ಗುಡಿಸುವುದು, ಎಲ್ಲವೂ ಅವಳದೇ. ಯಾವುದಾದರೂ ಸಮೀಕ್ಷೆ ಬಂದರೆ ಅದಕ್ಕೂ ಅವಳನ್ನೇ ಕರೆಯುತ್ತಾರೆ, ಆ ವಾರ ಪಾಠ ನಿಲ್ಲುತ್ತದೆ. ಅವಳಿಗೆ ಸಿಗುವ ಸಂಬಳ ಈ ಕೆಲಸದ ಭಾರಕ್ಕೆ ಸಾಟಿಯಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತಿದೆ. ಕರೆಂಟು ಹೋದರೆ ಅರ್ಧ ತುಂಬಿದ ಅರ್ಜಿಯೂ ಹೋಗುತ್ತದೆ. ಇಂಟರ್ನೆಟ್ಟಿನ ಬಿಲ್ಲು ಕಟ್ಟುವುದು ತಡವಾದರೆ ಅವಳು ತನ್ನ ಫೋನಿನ ಹಾಟ್‌ಸ್ಪಾಟ್ ಹಾಕುತ್ತಾಳೆ. ಇದು ಮೆಚ್ಚಿಕೊಂಡು ಸುಮ್ಮನಾಗುವ ವಿಷಯವಲ್ಲ. ಸಾರ್ವಜನಿಕ ಲೈಬ್ರರಿ ಒಬ್ಬಳ ಡೇಟಾ ಪ್ಯಾಕಿನ ಮೇಲೆ ನಡೆಯಬಾರದು.

ದುಡ್ಡು ಇಲ್ಲವೇ ಇಲ್ಲ ಎಂದೇನೂ ಅಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಗ್ರಂಥಾಲಯ ಕರಕ್ಕೆ ಅವಕಾಶ ಕೊಟ್ಟಿದೆ. ಈಗ ಆಸ್ತಿ ತೆರಿಗೆ ಕಟ್ಟುವವರು ನೂರಕ್ಕೆ ಆರರಂತೆ ಆ ಕರವನ್ನೂ ಸೇರಿಸಿಯೇ ಕಟ್ಟುತ್ತಾರೆ. ನಮ್ಮ ಮನೆಯ ರಸೀದಿಯಲ್ಲಿ ಆ ಸಾಲನ್ನು ನಾನು ಬೆರಳಿಟ್ಟು ತೋರಿಸಿದಾಗ ಪಾಠಕ್ಕೆ ಬಂದವರೆಲ್ಲ ಆಶ್ಚರ್ಯಪಟ್ಟರು. ಲೈಬ್ರರಿ ಸರ್ಕಾರದ ದಾನವೆಂದೇ ಅವರು ತಿಳಿದಿದ್ದರು. ಮರುವಾರ ತಮ್ಮ ತಮ್ಮ ರಸೀದಿಗಳನ್ನು ಹಿಡಿದುಕೊಂಡು ಬಂದರು.

ಅಲ್ಲಿಂದ ಒಂದು ಮನವಿ ಹುಟ್ಟಿತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ, ವಿಷಯ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಎಲ್ಲವನ್ನೂ ಪಾಠಕ್ಕೆ ಬರುವವರೇ ಹೇಳಿ ತಾವೇ 'ನುಡಿ'ಯಲ್ಲಿ ಟೈಪ್ ಮಾಡಿದರು. ಬಿಸಿಯೂಟದ ಅಕ್ಕ ಮೊದಲ ಪ್ಯಾರಾ, ಪಹಣಿಯ ಹಿರಿಯರು ಎರಡನೆಯದು. ನಾನು ಕಾಗುಣಿತ ನೋಡಿದೆ, ಅಷ್ಟೇ. ಯುಪಿಎಸ್ಸಿಗೆ ಹೊಸ ಬ್ಯಾಟರಿ, ಇಂಟರ್ನೆಟ್ ಬಿಲ್ಲನ್ನು ಪಂಚಾಯ್ತಿ ತಿಂಗಳು ತಿಂಗಳು ತಪ್ಪದೆ ಕಟ್ಟುವುದು, ಪಾಠದ ಹೊತ್ತಿನಲ್ಲಿ ಮೇಲ್ವಿಚಾರಕಿಯನ್ನು ಬೇರೆ ಕೆಲಸಕ್ಕೆ ಕರೆಯದಿರುವುದು. ಇಷ್ಟಕ್ಕೆ ಎಲ್ಲರೂ ಒಪ್ಪಿದ್ದರು. ನಾಲ್ಕನೆಯದಕ್ಕೆ ಜಗಳವಾಯಿತು. ಭಾನುವಾರ ಬೆಳಗ್ಗೆ ಗಂಡಸರಿಗೆ ಬಿಡುವು, ಹೆಂಗಸರಿಗೆ ಅದೇ ಹೊತ್ತಿಗೆ ಮನೆತುಂಬ ಕೆಲಸ. ವಾರದ ಮಧ್ಯೆ ಒಂದು ಮಧ್ಯಾಹ್ನ ಬೇಕೇ ಬೇಕು ಎಂದು ಅಕ್ಕ ಹಟ ಹಿಡಿದರು. ಇರುವ ಒಂದು ದಿನವನ್ನೇ ಉಳಿಸಿಕೊಂಡರೆ ಸಾಕು, ಹೆಚ್ಚು ಕೇಳಿದರೆ ಎಲ್ಲವೂ ಕೆಡುತ್ತದೆ ಎಂದು ಹಿರಿಯರು. ನಾನು ಅಕ್ಕನ ಕಡೆ. ನಾಲ್ಕನೆಯ ಬೇಡಿಕೆಯೂ ಸೇರಿಯೇ ಮನವಿ ಹೋಯಿತು, ಪಂಚಾಯ್ತಿಯ ಸೀಲು ಬಿದ್ದ ಪ್ರತಿ ಲೈಬ್ರರಿಯ ಫೈಲಿನಲ್ಲಿದೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಸೇರಿಸುತ್ತೇವೆ ಎಂದಿದ್ದಾರೆ. ಸೇರಿಸದಿದ್ದರೆ ಎದ್ದು ನಿಂತು ಕೇಳುವವರು ಯಾರು ಎಂಬುದನ್ನೂ ಈಗಾಗಲೇ ಗೊತ್ತುಮಾಡಿಕೊಂಡಿದ್ದೇವೆ. ಮೊದಲು ಅಕ್ಕ, ಆಮೇಲೆ ನಾನು.